ಬಾಯ್ಲರ್‌ಗೆ ಮೊದಲ ನೀರು

2022 ನವೆಂಬರ್ 11, ಶುಕ್ರವಾರ. ಅಂಕೋಲೆ

ಬೆಳಿಗ್ಗೆ ಆರಕ್ಕೆ ಮುಖಕ್ಷೌರ ಮುಗಿಯಿತು. ಶುಕ್ರವಾರ ಕತ್ತಿ ಮುಟ್ಟಬಾರದು ಎಂದು ಅವ್ವ ಇದ್ದಷ್ಟು ದಿನ ಹೇಳುತ್ತಿದ್ದಳು. ಮಂಗಳವಾರ ಬೇಡ, ಶುಕ್ರವಾರ ಬೇಡ, ಶನಿವಾರ ಬೇಡ, ಅಮಾವಾಸ್ಯೆಯಂತೂ ಬೇಡವೇ ಬೇಡ. ರಜೆಯಲ್ಲಿ ಊರಿಗೆ ಬಂದವನು ಹಿತ್ತಿಲಲ್ಲಿ ಕನ್ನಡಿ ಹಿಡಿದು ಕೂತರೆ, "ನಿಮ್ಮ ಹಡಗಿಗೆ ವಾರ ತಿಥಿ ಯಾವುದೂ ಇಲ್ಲವೇನೋ" ಎಂದು ಮರುಗುತ್ತಿದ್ದಳು. ಹಡಗಿಗೆ ಇದ್ದದ್ದು ಒಂದೇ ಲೆಕ್ಕ: ಸೂರ್ಯ ಹುಟ್ಟಿದ ದಿನವೆಲ್ಲ ಕ್ಷೌರದ ದಿನ.

1966ರಲ್ಲಿ ವಿಶಾಖಪಟ್ಟಣದ ಐಎನ್‌ಎಸ್ ಸರ್ಕಾರ್ಸ್‌ನಲ್ಲಿ ನೌಕಾಪಡೆಗೆ ಬಾಯ್ ಆಗಿ ಸೇರಿದಾಗ ನನಗೆ ಹದಿನಾರು. ಮೀಸೆ ಇನ್ನೂ ನೆರಳಿನಷ್ಟೇ. ತಲೆ ಬೋಳಾದದ್ದು ಮೊದಲ ದಿನವೇ. ಆಮೇಲೆ ದಿನಾ ಬೆಳಿಗ್ಗೆ ಫಾಲ್ ಇನ್. ತರಬೇತುದಾರರು ಸಾಲಿನುದ್ದಕ್ಕೂ ಬರುತ್ತಿದ್ದರು, ಕೈಯಲ್ಲಿ ಒಂದು ಉಂಡೆ ಹತ್ತಿ. ಅನುಮಾನ ಬಂದವನ ಕೆನ್ನೆಯ ಮೇಲೆ ಅದನ್ನು ಮೆಲ್ಲಗೆ ಎಳೆಯುವರು. ಎಳೆ ಸಿಕ್ಕಿಕೊಂಡರೆ ಅವತ್ತು ಸಂಜೆ ಅವನಿಗೆ ಮೈದಾನ ಸುತ್ತುವ ಕೆಲಸ.

ಆಗಿನ ನಿಯಮ ಬ್ರಿಟಿಷ್ ನೌಕಾಪಡೆಯಿಂದ ಇಳಿದು ಬಂದದ್ದು. ಬ್ರಿಟಿಷ್ ಅಡ್ಮಿರಾಲ್ಟಿ 1869ರಲ್ಲಿ ನಾವಿಕರಿಗೆ ಗಡ್ಡ ಬಿಡಲು ಅನುಮತಿ ಕೊಟ್ಟಾಗ ಒಂದು ಷರತ್ತು ಹಾಕಿತ್ತು: ಇಟ್ಟರೆ ಗಡ್ಡ ಮೀಸೆ ಎರಡೂ ಇರಬೇಕು, ಇಲ್ಲದಿದ್ದರೆ ಎರಡೂ ಇರಬಾರದು. ನಮಗೂ ಅದೇ. ಗಡ್ಡ ಬೇಕೆಂದವನು 'ರಿಕ್ವೆಸ್ಟ್‌ಮನ್' ಆಗಿ ಅಧಿಕಾರಿಯ ಮುಂದೆ ನಿಂತು, ಕ್ಷೌರ ನಿಲ್ಲಿಸಲು ಅಪ್ಪಣೆ ಕೇಳಬೇಕು. ಕೆಲವು ವಾರ ಬಿಟ್ಟು ಮತ್ತೆ ಹಾಜರಿ. ದಟ್ಟವಾಗಿ ಬಂದಿದ್ದರೆ ಇರಲಿ ಎನ್ನುವರು, ಅಲ್ಲಲ್ಲಿ ಬರಿದಾಗಿದ್ದರೆ ಬೋಳಿಸು ಎನ್ನುವರು. ಸಿಖ್ ಗೆಳೆಯರಿಗೆ ಮಾತ್ರ ಈ ಕೇಳುವ ಕಟ್ಟಳೆ ಇರಲಿಲ್ಲ.

ಕಷ್ಟವಾಗುತ್ತಿದ್ದದ್ದು ಬರೀ ಮೀಸೆಯ ಆಸೆ ಇದ್ದವರಿಗೆ. ಮಂಡ್ಯದ ಕಡೆಯವನೊಬ್ಬ ನಮ್ಮ ತಂಡದಲ್ಲಿದ್ದ. ಅವರ ಮನೆಯಲ್ಲಿ ಮೀಸೆ ತೆಗೆಯುವುದು ಹೆತ್ತವರು ತೀರಿಕೊಂಡಾಗ ಮಾತ್ರ. ಮೊದಲ ರಜೆಗೆ ಹೋದವನನ್ನು ಕಂಡು ಅವನ ಅಜ್ಜಿ ಬಾಗಿಲಲ್ಲೇ ಕುಸಿದು ಕೂತಳಂತೆ. ವಾಪಸ್ ಬಂದ ಮೇಲೆ ಅವನು ಬಹಳ ದಿನ ಮಾತಾಡಲಿಲ್ಲ. ಈಗ ನೌಕಾಪಡೆಯಲ್ಲಿ ಬರೀ ಮೀಸೆಯನ್ನೂ ಇಡಬಹುದು. ಅವನು ಅದನ್ನು ಕಾಣಲು ಉಳಿಯಲಿಲ್ಲ.

2022 ನವೆಂಬರ್ 14, ಸೋಮವಾರ

ಪಂಚಾಯತಿಯ ನಲ್ಲಿ ಎರಡು ದಿನದಿಂದ ಬಂದಿಲ್ಲ. ಸೊಸೆ ಕೊಡಗಳನ್ನು ಎಣಿಸುತ್ತಿದ್ದಾಳೆ. ನೀರು ಎಣಿಸಿ ಬಳಸುವುದು ನನಗೆ ಮೈಗೂಡಿದ ಕೆಲಸ.

ಲೋಣಾವಳದ ಐಎನ್‌ಎಸ್ ಶಿವಾಜಿಯಲ್ಲಿ ಕಲಿತು ನಾನು ಸ್ಟೋಕರ್ ಆದೆ, ಬಾಯ್ಲರ್ ಕೋಣೆಯವನು. ಉಗಿಹಡಗಿನಲ್ಲಿ ಸಿಹಿನೀರು ಆಕಾಶದಿಂದ ಬರುವುದಿಲ್ಲ. ಸಮುದ್ರದ ನೀರನ್ನು ಇವಾಪೊರೇಟರ್‌ನಲ್ಲಿ ಕಾಯಿಸಿ, ಆವಿಯನ್ನು ತಣಿಸಿ ಪಡೆಯಬೇಕು. ಆ ನೀರಿನ ಮೇಲೆ ಮೊದಲ ಹಕ್ಕು ಬಾಯ್ಲರಿನದು. ಅದರೊಳಗೆ ಉಪ್ಪು ಸ್ವಲ್ಪ ಹೊಕ್ಕರೂ ಕೊಳವೆಗಳನ್ನು ತುಕ್ಕು ತಿನ್ನುತ್ತದೆ, ನೀರು ಬುರುಗೆದ್ದು ಉಗಿಯ ಜೊತೆ ಟರ್ಬೈನಿಗೆ ಹೋಗುತ್ತದೆ. ಆದ್ದರಿಂದ ದಿನಕ್ಕೆ ಎಷ್ಟೋ ಸಲ ನೀರಿನ ಉಪ್ಪು ಪರೀಕ್ಷೆ. ಬಾಯ್ಲರ್ ಆದ ಮೇಲೆ ಅಡುಗೆಮನೆ, ಆಮೇಲೆ ಕುಡಿಯಲು, ಎಲ್ಲ ಮುಗಿದು ಮಿಕ್ಕಿದರೆ ಮೈಗೆ. ಹಡಗು ವೇಗವಾಗಿ ಓಡುವಾಗ ಬಾಯ್ಲರ್ ಹೆಚ್ಚು ಕುಡಿಯುತ್ತದೆ, ಮೈಗೆ ಕಡಿಮೆಯಾಗುತ್ತದೆ. ಯುದ್ಧವೆಂದರೆ ವೇಗ.

ಸ್ನಾನಕ್ಕೆ ಉಪ್ಪುನೀರು. ಮಾಮೂಲಿ ಸೋಪು ಅದರಲ್ಲಿ ನೊರೆ ಕೊಡುವುದಿಲ್ಲ, ಮೈಗೆ ಜಿಡ್ಡಾಗಿ ಅಂಟಿಕೊಳ್ಳುತ್ತದೆ. ಉಪ್ಪುನೀರಿಗೆಂದೇ ಬರುವ ಸೋಪನ್ನು ಕೊಬ್ಬರಿ ಎಣ್ಣೆಯಿಂದ ಮಾಡುತ್ತಾರೆ. ಅದು ಸಮುದ್ರದ ನೀರಿನಲ್ಲೂ ನೊರೆಯೇಳುತ್ತದೆ. ತೆಂಗಿನ ಊರಿನಿಂದ ಹೋದ ನನಗೆ ಆ ಕಥೆ ಕೇಳಿ ಹೆಮ್ಮೆಯಾಗಿತ್ತು. ಆದರೆ ಉಪ್ಪುನೀರಿನಲ್ಲಿ ಗಡ್ಡ ಬೋಳಿಸಿದರೆ ಕೆನ್ನೆ ಉರಿದು ಹುಣ್ಣಾಗುತ್ತಿತ್ತು. ಬಾಯ್ಲರ್ ಕೋಣೆಯ ಬೆವರು ಬೇರೆ.

2022 ನವೆಂಬರ್ 18, ಶುಕ್ರವಾರ

ಕೆಳಗಿನ ಕೇರಿಯ ಹುಡುಗಿ ಬಂದು ಕಾಲಿಗೆ ನಮಸ್ಕಾರ ಮಾಡಿ ಹೋದಳು. ಅಗ್ನಿವೀರಳಾಗಿ ಒಡಿಶಾದ ಐಎನ್‌ಎಸ್ ಚಿಲ್ಕಾಕ್ಕೆ ಹೊರಟಿದ್ದಾಳೆ. ನೌಕಾಪಡೆಯಲ್ಲಿ ಹೆಣ್ಣುಮಕ್ಕಳು ಅಧಿಕಾರಿಗಳಾಗಿ ಬಂದು ವರ್ಷಗಳಾದವು, ಸೇಲರ್ ದರ್ಜೆಗೆ ಸೇರುವುದು ಇದೇ ಮೊದಲ ತಂಡ. ಅವಳ ತಾಯಿಗೆ ಉಳಿದದ್ದೆಲ್ಲ ಒಪ್ಪಿಗೆ, ಮಗಳ ಜಡೆಯದ್ದೊಂದೇ ಚಿಂತೆ. ಮೊಣಕಾಲು ಮುಟ್ಟುವ ಜಡೆ. "ಕತ್ತರಿಸಲೇಬೇಕಾ, ಮಾಮಾ?" ಎಂದು ಹುಡುಗಿಯೇ ಕೇಳಿದಳು.

ಅಲ್ಲಿಯ ಕಟ್ಟಳೆಯನ್ನು ಅಲ್ಲಿಯವರೇ ಹೇಳುತ್ತಾರೆ. ನಾನು ಹೇಳಿದ್ದು ಇಷ್ಟೆ: ಹೊಗೆಯೊಳಗೆ ಹೋಗುವ ಮುಖವಾಡ ಹಾಕಿದಾಗ ರಬ್ಬರಿನ ಅಂಚಿಗೂ ಚರ್ಮಕ್ಕೂ ನಡುವೆ ಒಂದು ಕೂದಲೂ ಬರಬಾರದು, ಕತ್ತಲಲ್ಲಿ ಏಣಿ ಇಳಿಯುವಾಗ ಯಾವುದಕ್ಕೂ ಸಿಕ್ಕಿಕೊಳ್ಳಬಾರದು. ಇದನ್ನು ನೆನಪಿಟ್ಟುಕೊಂಡರೆ ಉಳಿದದ್ದು ತಾನೇ ಅರ್ಥವಾಗುತ್ತದೆ. ಅವಳು ತಲೆಯಾಡಿಸಿದಳು. ತಾಯಿ ಸಮಾಧಾನವಾಗದೆ ಎದ್ದು ಹೋದಳು.

2022 ಡಿಸೆಂಬರ್ 3, ಶನಿವಾರ

1971ರ ಡಿಸೆಂಬರ್ 3 ಶುಕ್ರವಾರ. ನಮ್ಮ ಪಶ್ಚಿಮ ನೌಕಾದಳ ಹಿಂದಿನ ರಾತ್ರಿಯೇ ಮುಂಬಯಿ ಬಿಟ್ಟಿತ್ತು. ನಾನಿದ್ದದ್ದು ಐಎನ್‌ಎಸ್ ಮೈಸೂರಿನಲ್ಲಿ, ದಳದ ಧ್ವಜನೌಕೆ. ರಿಯರ್ ಅಡ್ಮಿರಲ್ ಕುರುವಿಲಾ ಅವರ ಧ್ವಜ ಅದರ ಮೇಲಿತ್ತು. ಹಡಗಿನ ಲಾಂಛನ ಗಂಡಭೇರುಂಡ. ಎಲ್ಲಿಯ ಗಂಡಭೇರುಂಡ, ಎಲ್ಲಿಯ ಅರಬ್ಬಿ ಸಮುದ್ರ! ಕನ್ನಡದ ಹುಡುಗರು ಡೆಕ್ಕಿನ ಮೇಲೆ ಅದರ ಮುಂದೆ ಹಾಯುವಾಗ ಒಂದು ಕ್ಷಣ ನಿಂತೇ ಹೋಗುತ್ತಿದ್ದೆವು.

ಹಡಗು ನಮಗಿಂತ ಹಿರಿಯದು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಎಚ್‌ಎಂಎಸ್ ನೈಜೀರಿಯಾ ಆಗಿ ಹೋರಾಡಿ, 1942ರ ಆಗಸ್ಟ್‌ನಲ್ಲಿ ಮೆಡಿಟರೇನಿಯನ್‌ನಲ್ಲಿ ಇಟಲಿಯ ಜಲಾಂತರ್ಗಾಮಿಯಿಂದ ಟಾರ್ಪೆಡೊ ತಿಂದು, ಆದರೂ ಮುಳುಗದೆ ಬಂದರು ಸೇರಿತ್ತು. 1957ರಲ್ಲಿ ನಮ್ಮದಾಯಿತು. ಈ ಉಕ್ಕು ಒಮ್ಮೆ ಹರಿದು ಹೊಲಿದದ್ದು ಎಂಬುದು ಕೆಳಗೆ, ನೀರಿನ ಮಟ್ಟಕ್ಕಿಂತ ಕೆಳಗೆ ನಿಂತು ಕೆಲಸ ಮಾಡುವವರಿಗೆ ಮರೆಯುವುದಿಲ್ಲ.

ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ಬಾಂಬು ಹಾಕಿದ ಸುದ್ದಿ ಬಂತು. ನಡುರಾತ್ರಿಯ ನಂತರ ಇಂದಿರಾ ಗಾಂಧಿಯವರ ದನಿ ರೇಡಿಯೊದಲ್ಲಿ. ಅದಕ್ಕೂ ಮೊದಲು ನಮಗೆ ಬಂದ ಅಪ್ಪಣೆ: ಎಲ್ಲರೂ ಸ್ನಾನ ಮಾಡಿ ಒಗೆದ ಒಳಬಟ್ಟೆ ಹಾಕಿಕೊಳ್ಳಿ. ಇದು ನೌಕಾಯುದ್ಧದ ಹಳೆಯ ಪದ್ಧತಿ. ಸಿಡಿದ ಗುಂಡಿನ ಚೂರು ಬಡಿದಾಗ ಬಟ್ಟೆಯ ಎಳೆಯೂ ಗಾಯದೊಳಗೆ ಹೋಗುತ್ತದೆ, ಬಟ್ಟೆ ಕೊಳಕಾಗಿದ್ದರೆ ಗಾಯ ಕೊಳೆಯುತ್ತದೆ. ಬಿಗಿ ಹಿಡಿದಿದ್ದ ಸಿಹಿನೀರನ್ನು ಅವತ್ತು ಸ್ವಲ್ಪ ಬಿಟ್ಟರು. ತಲೆಯ ಕೊಬ್ಬರಿ ಎಣ್ಣೆಯನ್ನೂ ಸೋಪು ಹಚ್ಚಿ ತೆಗೆಯಿರಿ ಎಂದರು, ಎಣ್ಣೆಗೂದಲಿಗೆ ಬೆಂಕಿ ಬೇಗ ಹಿಡಿಯುತ್ತದೆ. ಮೆಸ್‌ಡೆಕ್‌ನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಮದುವೆಯ ಹಿಂದಿನ ದಿನದ ಮನೆಯಂತೆ ಎಲ್ಲರೂ ಮಿಂದು ಒಗೆದ ಬಟ್ಟೆಯಲ್ಲಿ ಕೂತಿದ್ದೆವು.

ಮೇಲೆ ಆ್ಯಂಟಿ ಫ್ಲ್ಯಾಶ್: ಕಣ್ಣು ಬಿಟ್ಟು ತಲೆ, ಕತ್ತು, ಮುಖ ಮುಚ್ಚುವ ಬಿಳಿ ಹತ್ತಿಬಟ್ಟೆಯ ಕುಲಾವಿ, ಮೊಣಕೈವರೆಗಿನ ಕೈಗವಸು. ತೋಳು ಮಡಚುವಂತಿಲ್ಲ, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಸ್ಫೋಟದ ಜ್ವಾಲೆ ಕಣ್ಣು ಮಿಟುಕಿಸುವುದರೊಳಗೆ ಹಾದುಹೋಗುತ್ತದೆ, ಬರಿ ಮೈಯನ್ನಷ್ಟೇ ಸುಡುತ್ತದೆ. ಒಂದು ಪದರ ಹತ್ತಿಬಟ್ಟೆ ಇದ್ದರೂ ಮುಖ ಉಳಿಯುತ್ತದೆ. ಬಾಯ್ಲರ್ ಕೋಣೆಯ ಕಾವಿನಲ್ಲಿ ಅದನ್ನು ಹಾಕಿಕೊಂಡು ನಿಲ್ಲುವುದೆಂದರೇನು ಎಂದು ನಿಂತವರಿಗೇ ಗೊತ್ತು. ಯಾರೂ ತೆಗೆಯಲಿಲ್ಲ.

ಗಡ್ಡದ ಮಾತೂ ಅವತ್ತೇ ಇತ್ಯರ್ಥವಾಯಿತು. ನೀರು ಸಿಗಲಾರದೆಂದು ಕ್ಷೌರ ನಿಲ್ಲಿಸಲು ಬಹಳ ಜನ ಅಪ್ಪಣೆ ಕೇಳಿದ್ದರು. ನಮ್ಮ ವಿಭಾಗದ ಹಿರಿಯ ಚೀಫ್ ಒಬ್ಬರು ನಮ್ಮನ್ನೆಲ್ಲ ಒಂದೆಡೆ ಸೇರಿಸಿದರು. ಹೊಗೆಯೊಳಗೆ ಹೋಗುವ ತಂಡದ ರಬ್ಬರ್ ಮುಖವಾಡ ತಂದು, ನುಣ್ಣಗೆ ಬೋಳಿಸಿದವನೊಬ್ಬನಿಗೆ ತೊಡಿಸಿದರು. ಗಾಳಿ ಬರುವ ಕೊಳವೆಯ ಬಾಯಿಗೆ ತಮ್ಮ ಅಂಗೈ ಒತ್ತಿ, "ಈಗ ಉಸಿರು ಎಳೆ" ಎಂದರು. ರಬ್ಬರು ಅವನ ಕೆನ್ನೆಗೆ ಕಚ್ಚಿಕೊಂಡಿತು, ಕಣ್ಣು ಅಗಲವಾಯಿತು, ತೃಣದಷ್ಟೂ ಗಾಳಿ ಒಳಗೆ ಬರಲಿಲ್ಲ. ಅದನ್ನೇ ಗಡ್ಡ ಬೆಳೆದವನೊಬ್ಬನಿಗೆ ತೊಡಿಸಿದರು. ಕೊಳವೆ ಮುಚ್ಚಿದ್ದರೂ ಅವನು ಸರಾಗವಾಗಿ ಉಸಿರಾಡಿದ. "ಇವನು ಈಗ ಆರಾಮಾಗಿದ್ದಾನೆ. ಹೊಗೆಯಲ್ಲಿ ಇವನು ಸಾಯುತ್ತಾನೆ," ಎಂದರು ಚೀಫ್. ಹೆಚ್ಚಿನ ಮಾತು ಬೇಕಾಗಲಿಲ್ಲ.

ತೀರ್ಮಾನ ಹೀಗಾಯಿತು: ಮುಖವಾಡ ತೊಡುವವರಿಗೆ ದಿನಕ್ಕೊಂದು ಮಗ್ ಸಿಹಿನೀರು, ಅವರು ಬೋಳಿಸಲೇಬೇಕು. ಉಳಿದವರಿಗೆ ಗಡ್ಡಕ್ಕೆ ಅಪ್ಪಣೆ. ನಾನು ಮುಖವಾಡದವನು. ನಮ್ಮ ಸಿಖ್ ಗೆಳೆಯನನ್ನು ಆ ತಂಡದಲ್ಲಿ ಹಾಕದೆ ಮದ್ದುಗುಂಡು ಮೇಲೆತ್ತುವ ಕಡೆ ನಿಲ್ಲಿಸಿದ್ದರು. ಅವನು ತನ್ನ ಗಡ್ಡವನ್ನು ಬಿಗಿಯಾಗಿ ಕಟ್ಟಿ, ಪಟ್ಕದ ಮೇಲೆ ಬಿಳಿ ಕುಲಾವಿ ಎಳೆದುಕೊಂಡು ಎಲ್ಲರಿಗಿಂತ ಮೊದಲು ಜಾಗಕ್ಕೆ ಹೋಗುತ್ತಿದ್ದ.

2022 ಡಿಸೆಂಬರ್ 4, ಭಾನುವಾರ. ನೌಕಾದಿನ

ಈ ಸಲದ ನೌಕಾದಿನ ವಿಶಾಖಪಟ್ಟಣದಲ್ಲಿ, ರಾಷ್ಟ್ರಪತಿ ದ್ರೌಪದಿ ಮುರ್ಮು ಬಂದಿದ್ದರು. ಟಿವಿಯಲ್ಲಿ ನೋಡಿದೆ. ನನ್ನ ಹತ್ತಿಯುಂಡೆಯ ಊರು ಗುರುತೇ ಸಿಗದಷ್ಟು ಬೆಳೆದಿದೆ.

ಈ ದಿನ ನೌಕಾದಿನವಾದದ್ದು ಮಿಸೈಲ್ ಬೋಟುಗಳಿಂದ. 1971ರ ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಕರಾಚಿಯ ಬಳಿ ಸಾಗಿ ಖೈಬರ್ ಎಂಬ ಡಿಸ್ಟ್ರಾಯರನ್ನೂ ಮುಹಾಫಿಜ್ ಎಂಬ ಮೈನ್‌ಸ್ವೀಪರನ್ನೂ ಮುಳುಗಿಸಿದವು. ಕಿಲ್ತಾನ್, ಕಚ್ಚಾಲ್ ಜೊತೆಗಿದ್ದವು. ರಷ್ಯಾದ ವ್ಲಾದಿವೊಸ್ತೊಕ್‌ನಲ್ಲಿ ಕಲಿತು ಬಂದ ಹುಡುಗರು ರೇಡಿಯೊದಲ್ಲಿ ರಷ್ಯನ್ ಭಾಷೆಯಲ್ಲೇ ಮಾತಾಡಿದ್ದರು. ನಮಗೆ ಸುದ್ದಿ ಬಂದದ್ದು ಬೆಳಿಗ್ಗೆ, ಲೌಡ್‌ಸ್ಪೀಕರ್‌ನಲ್ಲಿ. ಅಷ್ಟು ಚಿಕ್ಕ ಬೋಟುಗಳಲ್ಲಿ ಕುಡಿಯುವ ನೀರೇ ಎಣಿಕೆ, ಅಲ್ಲಿಂದ ಬಂದವರ ಮುಖಗಳನ್ನು ಆಮೇಲೆ ಮುಂಬಯಿಯ ಧಕ್ಕೆಯಲ್ಲಿ ಕಂಡೆ: ಉಪ್ಪು, ಮಸಿ, ಗಡ್ಡ. ಯಾವ ತರಬೇತುದಾರನೂ ಅವರ ಕೆನ್ನೆಗೆ ಹತ್ತಿ ಎಳೆಯುವ ಧೈರ್ಯ ಮಾಡುತ್ತಿರಲಿಲ್ಲ.

ಕಾರವಾರದ ಟಾಗೋರ್ ಕಡಲತೀರದಲ್ಲಿ ಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಪಲ್ ಅದೇ ಕುಲದ ಬೋಟು. ಅದು ಪಡೆಗೆ ಬಂದದ್ದು ಯುದ್ಧ ಮುಗಿದು ವರ್ಷಗಳಾದ ಮೇಲೆ, 1976ರಲ್ಲಿ. ಆದರೂ ಒಳಗೆ ಹೊಕ್ಕು ಆ ಇಕ್ಕಟ್ಟು ನೋಡಿದರೆ ಆ ರಾತ್ರಿ ಅರ್ಥವಾಗುತ್ತದೆ. ನಮ್ಮ ಜಿಲ್ಲೆಯ ಮಕ್ಕಳನ್ನು ಮಾಸ್ತರರು ಅಲ್ಲಿಗೆ ಕರೆದೊಯ್ಯಬೇಕು.

2022 ಡಿಸೆಂಬರ್ 6, ಮಂಗಳವಾರ

ಇವತ್ತು ನೆನಪಾದದ್ದು ನಮ್ಮ ಮೆಸ್ಸಿನ ಧಾರವಾಡದವನು. ಹೆಂಡತಿಗೆ ಏಳು ತಿಂಗಳು. ಬಸುರಿಯ ಗಂಡ ಕ್ಷೌರ ಮಾಡಿಸಿಕೊಳ್ಳಬಾರದು ಎಂಬುದು ಅವರ ಮನೆಯಲ್ಲಿ ನಡೆದು ಬಂದ ನೇಮ. ಮುಖವಾಡದ ತಂಡದಲ್ಲಿ ಅವನೂ ಇದ್ದ. ಚೀಫ್ ಅಂಗೈ ಒತ್ತಿ ತೋರಿಸಿದ್ದನ್ನು ಅವನೂ ನೋಡಿದ್ದ. ಬೇರೆ ಕೆಲಸಕ್ಕೆ ಹಾಕಿ ಎಂದು ಕೇಳಬಹುದಿತ್ತು, ಕೊಡುತ್ತಲೂ ಇದ್ದರು. ಅವನು ಕೇಳಲಿಲ್ಲ. ಹಡಗಿನ ಕ್ಷೌರಿಕನ ಮುಂದೆ ಹೋಗಿ ಕೂತ, ಕಣ್ಣು ಮುಚ್ಚಿಕೊಂಡ. ಕ್ಷೌರಿಕ ತಮಿಳುನಾಡಿನವನು, ಅವನಿಗೂ ಆ ನೇಮ ಗೊತ್ತಿತ್ತು. ಕತ್ತಿಯನ್ನು ಕಣ್ಣಿಗೊತ್ತಿಕೊಂಡು, ಏನೋ ಪ್ರಾರ್ಥನೆ ಹೇಳಿ ಆಮೇಲೆ ಕೆನ್ನೆಗೆ ಇಟ್ಟ. ಮಗು ಫೆಬ್ರುವರಿಯಲ್ಲಿ ಹುಟ್ಟಿತು, ಗಂಡು, ಆರೋಗ್ಯವಾಗಿತ್ತು.

ಆ ಕ್ಷೌರಿಕನ ಬಗ್ಗೆ ಬರೆಯದೆ ಹೋದರೆ ಈ ಪುಟಗಳಿಗೆ ಅರ್ಥವಿಲ್ಲ. ಆ್ಯಕ್ಷನ್ ಸ್ಟೇಷನ್ಸ್ ಬಾರಿಸಿದಾಗ ಅವನ ಜಾಗ ಸ್ಟ್ರೆಚರ್ ಹೊರುವ ತಂಡ. ಅಡುಗೆಯವರು, ಸ್ಟುವರ್ಡ್‌ಗಳು, ಬರೆಯುವ ಗುಮಾಸ್ತರು ಎಲ್ಲರಿಗೂ ಇಂಥದೇ ಒಂದು ಜಾಗ. ಹಗಲು ಕತ್ತಿ, ರಾತ್ರಿ ಸ್ಟ್ರೆಚರ್. ಹಡಗು ಓಲಾಡುವಾಗ ಒಂದು ಕಾಲನ್ನು ಗೋಡೆಗೆ ಒತ್ತಿ, ಅಲೆ ಏಳುವಾಗ ಕೈ ತಡೆದು, ಇಳಿಯುವಾಗ ಕತ್ತಿ ಎಳೆಯುತ್ತಿದ್ದ. ಒಬ್ಬನ ಮುಖಕ್ಕೂ ಗಾಯ ಮಾಡಲಿಲ್ಲ. ಯುದ್ಧದ ಕಥೆ ಹೇಳುವವರು ತೋಪು, ಮಿಸೈಲುಗಳ ಹೆಸರು ಹೇಳುತ್ತಾರೆ, ಇವನ ಸುದ್ದಿ ಎತ್ತುವುದಿಲ್ಲ. ಇದು ನನಗೆ ಬಹಳ ನೋವಿನ ವಿಷಯ.

2022 ಡಿಸೆಂಬರ್ 9, ಶುಕ್ರವಾರ

ಖುಕ್ರಿಯ ದಿನ.

1971ರಲ್ಲಿ ಈ ದಿನ ಗುರುವಾರ. ಪಾಕಿಸ್ತಾನದ ಜಲಾಂತರ್ಗಾಮಿಯನ್ನು ಹುಡುಕಲು ಹೊರಟ ನಮ್ಮ ಹಡಗುಗಳು ಖುಕ್ರಿ ಮತ್ತು ಕಿರ್ಪಾನ್ ದೀವ್‌ನಿಂದಾಚೆ ಸಮುದ್ರದಲ್ಲಿದ್ದವು. ಹುಡುಕಬೇಕಾದ ಹ್ಯಾಂಗೋರ್ ಅವುಗಳನ್ನೇ ಕಾದಿತ್ತು. ರಾತ್ರಿ ಒಂಬತ್ತರ ಒಳಗೆ ಖುಕ್ರಿಗೆ ಟಾರ್ಪೆಡೊ ಬಡಿಯಿತು, ಹಡಗು ಕೆಲವೇ ನಿಮಿಷಗಳಲ್ಲಿ ಮುಳುಗಿತು. ಬಹಳ ಜನ ಊಟದ ಕೋಣೆಯಲ್ಲಿ ರೇಡಿಯೊದ ಸುದ್ದಿ ಕೇಳುತ್ತಿದ್ದರು ಎಂದು ಬದುಕಿ ಬಂದವರು ಹೇಳಿದ್ದಾರೆ. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಇತರರನ್ನು ನೀರಿಗೆ ಇಳಿಸಿ ತಾವು ಹಡಗಿನ ಜೊತೆಗೇ ಉಳಿದರು. ಬದುಕಿದವರನ್ನು ಕಚ್ಚಾಲ್ ಎತ್ತಿಕೊಂಡಿತು.

ನನ್ನ ಜೊತೆ ಲೋಣಾವಳದಲ್ಲಿ ಕಲಿತವನೊಬ್ಬ ಖುಕ್ರಿಯ ಬಾಯ್ಲರ್ ಕೋಣೆಯಲ್ಲಿದ್ದ. ನನ್ನ ಕೆಲಸವೇ ಅವನದೂ. ಅಲ್ಲಿಂದ ಮೇಲೆ ಬರಲು ಏಣಿ, ಹ್ಯಾಚು, ಮತ್ತೆ ಏಣಿ. ಎಷ್ಟು ಹೊತ್ತು ಬೇಕು ಎಂದು ನನಗೆ ಗೊತ್ತು. ಅಷ್ಟು ಹೊತ್ತು ಅವನಿಗೆ ಸಿಗಲಿಲ್ಲ. ಅವನು ಬಹಳ ಶಿಸ್ತಿನವನು. ಲೋಣಾವಳದ ಮಳೆಗಾಲದಲ್ಲಿ ಬ್ಲೇಡು ತುಕ್ಕು ಹಿಡಿಯುತ್ತದೆಂದು ದಿನಾ ಒರೆಸಿ ಎಣ್ಣೆ ಸವರಿ ಇಡುತ್ತಿದ್ದ. ನನ್ನ ಬ್ಲೇಡಿಗೂ ಸವರುತ್ತಿದ್ದ.

ನಮಗೆ ಸುದ್ದಿ ತಲುಪಿದ ಮೇಲೆ ಮೆಸ್‌ಡೆಕ್‌ನಲ್ಲಿ ಊಟ ಹಾಗೇ ಉಳಿಯಿತು. ಮರುದಿನ ಬೆಳಿಗ್ಗೆ ಯಾರೂ ಹೇಳದೆಯೇ ಗಡ್ಡಕ್ಕೆ ಅಪ್ಪಣೆ ಪಡೆದಿದ್ದ ಕೆಲವರು ಬಂದು ಬೋಳಿಸಿಕೊಂಡರು, ನಮ್ಮನ್ನೂ ಹೊಗೆಯ ತಂಡಕ್ಕೆ ಸೇರಿಸಿ ಎಂದರು. ನಾವು ನಮ್ಮ ಮಗ್ಗಿನ ನೀರನ್ನು ಅವರ ಜೊತೆ ಹಂಚಿಕೊಂಡೆವು.

ದೀವ್‌ನ ಗುಡ್ಡದ ಮೇಲೆ ಖುಕ್ರಿಯ ಸ್ಮಾರಕವಿದೆ, ಗಾಜಿನೊಳಗೆ ಹಡಗಿನ ಮಾದರಿ, ಎದುರಿಗೆ ಅದೇ ಸಮುದ್ರ. ಮಗ ಕರೆದೊಯ್ದಿದ್ದ. ಹೆಸರುಗಳ ಪಟ್ಟಿಯಲ್ಲಿ ಅವನ ಹೆಸರು ಹುಡುಕಿ ಕೈ ಇಟ್ಟೆ. ಇದಕ್ಕಿಂತ ಹೆಚ್ಚು ಬರೆಯಲಾರೆ.

2022 ಡಿಸೆಂಬರ್ 17, ಶನಿವಾರ

ನಿನ್ನೆ ವಿಜಯ ದಿವಸ. ಢಾಕಾದಲ್ಲಿ ಶರಣಾಗತಿ 16ರಂದು ಆದರೂ ನಮ್ಮ ಪಶ್ಚಿಮದಲ್ಲಿ ಯುದ್ಧ ನಿಂತದ್ದು 17ರ ರಾತ್ರಿ ಎಂಟಕ್ಕೆ. ಆ ರಾತ್ರಿಯೂ ಬಾಯ್ಲರ್ ಹಾಗೇ ಉರಿಯುತ್ತಿತ್ತು, ನಾವು ಹಾಗೇ ನೀರಿನ ಉಪ್ಪು ನೋಡುತ್ತಿದ್ದೆವು.

ಮುಂಬಯಿಗೆ ಮರಳಿದ ಮೇಲೆ ನೌಕಾಪಡೆಯ ಅಶ್ವಿನಿ ಆಸ್ಪತ್ರೆಗೆ ಹೋಗಿದ್ದೆ. ಖುಕ್ರಿಯಿಂದ ಬದುಕಿ ಬಂದವನೊಬ್ಬ ಅಲ್ಲಿದ್ದ. ಫರ್ನೆಸ್ ಆಯಿಲ್‌ನಲ್ಲಿ ತೇಲಿದವನ ತಲೆಗೂದಲು, ಗಡ್ಡ ಎಲ್ಲ ಅಂಟಿ ಒಂದಾಗಿ ಹೋಗಿತ್ತಂತೆ, ಎಲ್ಲವನ್ನೂ ಬೋಳಿಸಿ ತೆಗೆದಿದ್ದರು. ಎಣ್ಣೆ ಕಣ್ಣಿಗೆ ಹೋಗಿ ಇನ್ನೂ ಕೆಂಪಗಿತ್ತು. ಅವನು ನನ್ನ ಕೆನ್ನೆ ಮುಟ್ಟಿ ನೋಡಿ, "ನಿಮ್ಮಲ್ಲಿ ನೀರು ಕೊಡುತ್ತಿದ್ದರಾ?" ಎಂದು ಕೇಳಿದ. ಮಗ್ಗಿನ ಲೆಕ್ಕ ಹೇಳಿದೆ. ಒಳ್ಳೆಯ ಹಡಗು ಎಂದ.

ಹಡಗಿನಲ್ಲಿ ಗಡ್ಡಗಳ ಪರಿಶೀಲನೆ ಮತ್ತೆ ಶುರುವಾಯಿತು. ದಟ್ಟವಾಗಿ ಬಂದವರದು ಉಳಿಯಿತು, ಉಳಿದವರದು ಹೋಯಿತು. ಮೆಲ್ಲಗೆ ಎಲ್ಲವೂ ಮೊದಲಿನಂತಾಯಿತು. ನಮ್ಮ ಮೈಸೂರು 1985ರವರೆಗೆ ಸೇವೆಯಲ್ಲಿತ್ತು. ಅದೇ ಹೆಸರಿನ ಹೊಸ ಡಿಸ್ಟ್ರಾಯರ್ 1999ರಲ್ಲಿ ಬಂತು.

ಕೆಳಗಿನ ಕೇರಿಯ ತಾಯಿ ಇವತ್ತು ಮತ್ತೆ ಬಂದಿದ್ದಳು, ಮಗಳ ಫೋನು ಬಂದಿತ್ತಂತೆ. ಕೂದಲ ವಿಷಯ ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಆದರೆ ಈ ಎಲ್ಲ ದಿನ ಯೋಚಿಸಿದ್ದನ್ನು ಇಲ್ಲಿ ಬರೆದಿಡುತ್ತೇನೆ. ಹತ್ತಿಯುಂಡೆಯ ನಿಯಮವನ್ನು ನಾವು ಹೆದರಿ ಪಾಲಿಸಿದೆವು, ಹೆದರಿಕೆ ಹೋದ ದಿನ ಅದೂ ಸಡಿಲವಾಯಿತು. ಚೀಫ್ ಕೊಳವೆಗೆ ಅಂಗೈ ಒತ್ತಿ ತೋರಿಸಿದ ನಿಯಮವನ್ನು ನೀರಿಲ್ಲದಾಗಲೂ, ಹುಣ್ಣಾದ ಕೆನ್ನೆಯಲ್ಲೂ, ಮನೆಯ ನೇಮ ಮುರಿದೂ ಪಾಲಿಸಿದೆವು. ಹದಿನೆಂಟರ ಮಕ್ಕಳ ತಲೆಗೆ ಕತ್ತರಿ ಇಡುವವರು ಮೊದಲು ಮುಖವಾಡ ತೊಡಿಸಿ ಉಸಿರು ಎಳೆಯಲು ಹೇಳಲಿ. ನೌಕಾಪಡೆಯನ್ನು ನಡೆಸುವವರಿಗೆ ಈ ಹಳೆಯ ಸ್ಟೋಕರ್‌ನ ಕೇಳಿಕೆ ಅದೊಂದೇ.